ಐವತ್ತಮೂರು ಚೂರಿನ ಹಕ್ಕಿ

ಹೂಜಿಯ ಮೇಲಿನ ಮಣ್ಣಿನ ಹಕ್ಕಿಯ ಕತ್ತಿನ ಹಿಂದಿನ ಮೂರು ಗೆರೆ ನೋಡಿ ಸೊಸೆಯ ಕೈಯಲ್ಲಿದ್ದ ಹತ್ತಿ ಕಡ್ಡಿ ಅಲ್ಲೇ ನಿಂತಿತು.

ಗೆರೆಗಳು ಚೆನ್ನಾಗಿದ್ದವು. ತಕರಾರು ಇದ್ದದ್ದೇ ಅದರಲ್ಲಿ. ಆ ಹೂಜಿ ಮಾಡಿದ ಕುಂಬಾರ ಸಾವಿರದ ಮುನ್ನೂರು ವರ್ಷದ ಹಿಂದಿನ ಪುಣ್ಯಾತ್ಮ. ಜನ್ಮದಲ್ಲಿ ಒಂದು ಗೆರೆ ನೆಟ್ಟಗೆ ಎಳೆದವನಲ್ಲ. ಹೊಟ್ಟೆ ಮೇಲೆ, ರೆಕ್ಕೆ ಮೇಲೆ, ಬಾಲದ ಮೇಲೆಲ್ಲ, ಒಲೆಗೆ ಹಾಲಿಟ್ಟು ಬಂದವನ ಹಾಗೆ ಸರಸರ ಗೀಚಿ ಕೈ ತೊಳೆದುಕೊಂಡಿದ್ದ. ಎಲ್ಲವೂ ಎಡದಿಂದ ಬಲಕ್ಕೆ, ಶುರುವಿನಲ್ಲಿ ದಪ್ಪ, ಕೊನೆಗೆ ಇಲಿ ಬಾಲ. ಕತ್ತಿನ ಹಿಂದಿನ ಈ ಮೂರು ಮಾತ್ರ ಬಲದಿಂದ ಎಡಕ್ಕೆ ಹೊರಟಿದ್ದವು, ಕೊನೆಯಲ್ಲಿ ಕುಂಚವನ್ನು ಮೆಲ್ಲಗೆ ಮೇಲಕ್ಕೆತ್ತಿದ ಗುರುತು. ಹಾಗೆ ಎಳೆಯುವುದು ಎಡಗೈ. ಹಾಗೆ ಎತ್ತುವ ಒಂದೇ ಒಂದು ಎಡಗೈ ಅವಳಿಗೆ ಗೊತ್ತಿತ್ತು. ಅದು ಅವಳ ಮಾವನ ಕೈ.

ಮಾವ ನಲವತ್ತು ವರ್ಷ ಇದೇ ಮ್ಯೂಸಿಯಮ್ಮಿನ ಇದೇ ರಿಪೇರಿ ಕೋಣೆಯಲ್ಲಿ, ಇದೇ ಕುಂಟು ಸ್ಟೂಲಿನ ಮೇಲೆ ಕೂತು ಒಡೆದದ್ದನ್ನೆಲ್ಲ ಅಂಟಿಸಿದವರು. ಗುಡಿಯ ದೀಪ, ಸಮಾಧಿಯ ಬಟ್ಟಲು, ಕೈ ಮುರಿದ ದೇವತೆ, ಮೂಗು ಹೋದ ರಾಜ. ಅವರಿಗೆ ಇಲ್ಲಿ ದೊಡ್ಡಂಟು ಅಂತ ಹೆಸರು. ಅವರು ನಿವೃತ್ತಿಯಾದ ಮೇಲೆ ಆ ಸ್ಟೂಲಿಗೆ ಬಂದ ಸೊಸೆ ಚಿಕ್ಕಂಟು. ಇಬ್ಬರೂ ಎಂಟನೇ ಕ್ಲಾಸಿಗೆ ಶಾಲೆಗೆ ಕೈ ಮುಗಿದವರು. ಕೆಲಸ ಕಲಿಸಿದವರು ಮಾವನೇ. ಮದುವೆಯಾಗಿ ಬಂದ ಮೂರನೇ ತಿಂಗಳಿಗೆ, ಒಡೆದ ಟೀ ಲೋಟವೊಂದನ್ನು ಮುಂದಿಟ್ಟು, "ಇದು ಒಡೆದೇ ಇಲ್ಲ ಅನ್ನೋ ಹಾಗೆ ಮಾಡು ನೋಡೋಣ" ಅಂದಿದ್ದರು. ಹನ್ನೊಂದು ಸಲ ಬೈಸಿಕೊಂಡು ಹನ್ನೆರಡನೇ ಸಲಕ್ಕೆ ಮಾಡಿದ್ದಳು.

ಈ ಹೂಜಿ ಮಾವನ ಜೀವ. ಎರಡು ಹೊಟ್ಟೆ, ಮಧ್ಯೆ ಎರಡನ್ನೂ ಸೇರಿಸುವ ಮಣ್ಣಿನ ಕೊಳವೆ. ಒಂದು ಹೊಟ್ಟೆಗೆ ಕತ್ತು, ತೆರೆದ ಬಾಯಿ. ಇನ್ನೊಂದರ ನೆತ್ತಿಯ ಮೇಲೆ ಮುಷ್ಟಿಯಷ್ಟು ದೊಡ್ಡ ಹಕ್ಕಿ, ಯಾರ ಮೇಲೋ ಮುನಿಸಿಕೊಂಡಂತೆ ಕೊಕ್ಕು ಎತ್ತಿಕೊಂಡು ಕೂತಿದೆ. ಬಿದ್ದುಹೋದ ಒಂದು ಗುಡಿಯಲ್ಲಿ, ದೇವರ ಪೀಠದ ಎದುರು, ನೆಲದಡಿ ಸಿಕ್ಕಿದ್ದು. ಮೂವತ್ತೊಂದು ವರ್ಷದ ಹಿಂದೆ ಗೋಣಿಚೀಲದಲ್ಲಿ ಐವತ್ತಮೂರು ಚೂರಾಗಿ ಬಂದಿತ್ತು. ಮಾವ ಎಂಟು ತಿಂಗಳು ಕೂತು ಅದನ್ನು ನಿಲ್ಲಿಸಿದರು. ನೋಡಲು ಬಂದ ಪರದೇಶದವರು ಭೂತಗನ್ನಡಿ ಹಿಡಿದು ಬಿರುಕು ಹುಡುಕಿ, ಸಿಗದೆ, ಇದು ಒಡೆದಿತ್ತು ಅನ್ನುವುದೇ ಸುಳ್ಳು ಅಂದು ಹೋಗಿದ್ದರು.

ಬರುವ ಸೋಮವಾರ ಹೊಸ ಹಾಲ್ ತೆರೆಯುವುದಿತ್ತು. ನಟ್ಟನಡುವಿನ ಗಾಜಿನ ಪೆಟ್ಟಿಗೆ ಈ ಹೂಜಿಗೆ. ಪಕ್ಕದ ಗೋಡೆಗೆ ಹಿತ್ತಾಳೆ ಫಲಕ: ಜೋಡಿಸಿದವರು, ಅದರ ಮುಂದೆ ಮಾವನ ಪೂರ್ತಿ ಹೆಸರು. ಆ ಕಟ್ಟಡದಲ್ಲಿ ರಿಬ್ಬನ್ ಕತ್ತರಿಸಿದವರ ಹೆಸರು ಕಲ್ಲಿನಲ್ಲಿದೆ. ಕತ್ತರಿಸುವಾಗ ಪಕ್ಕದಲ್ಲಿ ನಿಂತು ಹಲ್ಲು ಕಿರಿದವರ ಹೆಸರೂ ಇದೆ. ಫ್ಯಾನು ದಾನ ಕೊಟ್ಟವರು ಫ್ಯಾನಿನ ರೆಕ್ಕೆ ಮೇಲೆಯೇ ಹೆಸರು ಬರೆಸಿಕೊಂಡು ಇಷ್ಟು ವರ್ಷ ಗಿರಗಿರ ತಿರುಗುತ್ತಿದ್ದಾರೆ. ಕೈ ಮಣ್ಣು ಮಾಡಿಕೊಂಡವರ ಹೆಸರು ಒಂದೂ ಇಲ್ಲ. ಇದೇ ಮೊದಲು. ಈ ಫಲಕಕ್ಕಾಗಿ ಸೊಸೆ ಸಾಹೇಬರ, ಅಂದರೆ ನಿರ್ದೇಶಕರ, ಬಾಗಿಲಿಗೆ ಎರಡು ವರ್ಷ ಚಪ್ಪಲಿ ಸವೆಸಿದ್ದಳು.

ಈಗ, ನಾಲ್ಕು ದಿನ ಬಾಕಿ ಇರುವಾಗ, ಧೂಳು ಒರೆಸಲು ಕೂತವಳಿಗೆ ಈ ಮೂರು ಗೆರೆ.

ಸೂಜಿ ತೆಗೆದುಕೊಂಡು ಗೆರೆಯ ಅಂಚಿನಲ್ಲಿ ಮೆಲ್ಲಗೆ ಒತ್ತಿದಳು. ಸುಟ್ಟ ಮಣ್ಣಾದರೆ ಸೂಜಿ ಜಾರಬೇಕು. ಇಲ್ಲಿ ಒಳಕ್ಕಿಳಿಯಿತು. ಮಾವನ ಕೈಯ ಮೆತ್ತು, ಒಂದು ತೂತು ಮುಚ್ಚಿದ್ದು. ಟಾರ್ಚು ಹಾಕಿ ಮೆತ್ತಿನ ಸುತ್ತಲಿನ ಮಣ್ಣಿನ ಅಂಚು ನೋಡಿದಳು. ಅಂಚು ಗುಂಡಗೆ, ನುಣ್ಣಗೆ ಇತ್ತು. ಏಟು ಬಿದ್ದು ಆದ ತೂತಿಗೆ ಅಂಥ ಅಂಚು ಇರುವುದಿಲ್ಲ. ಯಾರೋ ಹಸಿ ಮಣ್ಣಿನಲ್ಲೇ ಕಡ್ಡಿ ಆಡಿಸಿ ಬೇಕಂತ ಮಾಡಿದ ತೂತು ಅದು.

ಅದೇನು ತೂತು ಅಂತ ಅವಳಿಗೆ ಗೊತ್ತಿತ್ತು. ಆ ಕೋಣೆಗೆ ಬರುವ ಎಲ್ಲರಿಗೂ ಗೊತ್ತಿತ್ತು. ಅದನ್ನು ಹೇಳಿ ಹೇಳಿ ಎಲ್ಲರ ಕಿವಿ ತೂತು ಮಾಡಿದವರು ಡಾಕ್ಟರಮ್ಮ. ಅವರು ಮಾತ್ರೆ ಕೊಡುವ ಡಾಕ್ಟರಲ್ಲ, ಪುಸ್ತಕ ಬರೆದು ಡಾಕ್ಟರಾದವರು. ಆ ಹಳೇ ಜನ ಮಾಡಿದ ಇಂಥ ಜೋಡಿ ಹೂಜಿಗಳು ಲೋಕದಲ್ಲೆಲ್ಲ ಹನ್ನೊಂದು. ಹತ್ತು ಹೂಜಿ ಕೂಗುತ್ತವೆ: ಹೂಜಿಯ ಬಾಯಿಗೆ ಊದಿದರೆ ಗಾಳಿ ಕೊಳವೆ ದಾಟಿ, ಹಕ್ಕಿಯ ತಲೆಯೊಳಗಿನ ಸಣ್ಣ ಪೀಪಿಗೆ ಹೊಕ್ಕು, ಹಿಂದಿನ ತೂತಿನಿಂದ ಹಾಡಿಕೊಂಡು ಬರುತ್ತದೆ. ಹನ್ನೊಂದನೆಯದು, ನಮ್ಮದು, ಕೂಗುವುದಿಲ್ಲ. ಯಾಕೆ ಕೂಗುವುದಿಲ್ಲ ಅಂತ ಡಾಕ್ಟರಮ್ಮ ಇನ್ನೂರ ಹದಿನಾಲ್ಕು ಪುಟ ಬರೆದಿದ್ದರು. ಆ ಗುಡಿಯಲ್ಲಿ ಮೌನಪೂಜೆ ನಡೆಯುತ್ತಿತ್ತಂತೆ. ಪೂಜಾರಿಗಳು ಮಾತು ಬಿಟ್ಟವರಂತೆ. ಮೂಕ ಹಕ್ಕಿ ಆ ದೇವರ ಗುರುತಂತೆ.

ಪೂಜಾರಿಗಳು ಮಾತು ಬಿಟ್ಟಿರಲಿಲ್ಲ. ಮಾವ ಹಕ್ಕಿಯ ಬಾಯಿ ಮುಚ್ಚಿದ್ದರು.

ಸೊಸೆ ಎದ್ದು ಬೀರುವಿನಿಂದ ಹಳೇ ಚೀಟಿಗಳ ಕಟ್ಟು ತೆಗೆದಳು. ಏನೇ ರಿಪೇರಿ ಮಾಡಿದರೂ ಮಾಡಿದ್ದನ್ನೆಲ್ಲ ಚೀಟಿಯಲ್ಲಿ ಬರೆದಿಡಬೇಕು ಅನ್ನುವುದು ಆ ಕೋಣೆಯ ಕಾನೂನು. ಹೂಜಿಯ ಚೀಟಿ ಸಿಕ್ಕಿತು. ಎಡಗೈಯ ವಾರೆ ಅಕ್ಷರ, ಕೊನೆಯ ಸಾಲು: "ಹಕ್ಕಿಯ ಕತ್ತಿನ ಹಿಂದೆ ಕಡಲೆಕಾಳಿನಷ್ಟು ತೂತು. ಏಟಿನಿಂದ ಆದದ್ದು ಅಂತ ತಿಳಿದು ಮುಚ್ಚಿದ್ದೇನೆ."

ಬರೆದಿದ್ದರು. ಮೂವತ್ತೊಂದು ವರ್ಷದಿಂದ ಬರೆದೇ ಇತ್ತು. ಇನ್ನೂರ ಹದಿನಾಲ್ಕು ಪುಟ ಬರೆದವರಿಗೆ ಕೂಲಿಯವನ ಒಂದು ಸಾಲು ಓದಲು ಪುರುಸೊತ್ತು ಆಗಿರಲಿಲ್ಲ, ಅಷ್ಟೆ.

ಚೀಟಿ ಮಡಚಿದಳು. ಬಾಯಿಗೆ ಬೀಗ ಹಾಕಿಕೊಂಡರೆ ಸೋಮವಾರ ಗೋಡೆಗೆ ಫಲಕ ಏರುತ್ತದೆ. ಬಾಯಿ ಬಿಟ್ಟರೆ ಹಕ್ಕಿ ಹಾಡಬಹುದು, ಫಲಕ ಹೋಗಬಹುದು. ಅತ್ತ ಮಾವ, ಇತ್ತ ಹಕ್ಕಿ. ಮುನಿಸಿಕೊಂಡ ಹಕ್ಕಿಯ ಮುಖ ನೋಡಿದಳು. "ನನ್ನನ್ನ ಯಾಕೆ ಹಾಗೆ ನೋಡ್ತೀಯ? ನಾನೇನು ಮಾಡಿದೆ?" ಅಂತ ಅದಕ್ಕೇ ಬೈದಳು.

ಸಂಜೆ ಮನೆಗೆ ಹೋದರೆ ಮಾವ ಹೊಸ ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತಿದ್ದರು. ಸೋಮವಾರ ಮಾತಾಡಲು ಹೇಳಿದ್ದಾರಲ್ಲ, ಅದರ ತಾಲೀಮು. ಗಂಡ ಗೋಡೆಗೊರಗಿ ಮಂಡಕ್ಕಿ ತಟ್ಟೆ ಹಿಡಿದು ಮೆಲ್ಲುತ್ತಾ ನೋಡುತ್ತಿದ್ದ. ಅವನಿಗೆ ರಸ್ತೆ ತಿರುವಿನಲ್ಲಿ ಪಂಕ್ಚರ್ ಅಂಗಡಿ. ಅಪ್ಪನ ಕಸುಬು ಹಿಡಿಯಲಿಲ್ಲ ಅಂತ ಅಪ್ಪ ಅವನನ್ನು ಹೆಸರು ಹಿಡಿದು ಕರೆಯುವುದು ಬಿಟ್ಟು, ಪಂಕ್ಚರ್ ಅಂತಲೇ ಕರೆಯುತ್ತಿದ್ದರು. ಅವನೂ ಅದಕ್ಕೇ ಓಗೊಡುತ್ತಿದ್ದ.

"ಏ ಪಂಕ್ಚರ್, ಸನ್ಮಾನ್ಯರೇ ಅಂತ ಶುರು ಮಾಡ್ಲಾ, ಮಹನೀಯರೇ ಅಂತ್ಲಾ?"

"ನೀವು ಏನಂದ್ರೂ ಅವರು ಫೋನೇ ನೋಡ್ಕೊಂಡಿರ್ತಾರೆ. ಶುರು ಮಾಡೋದು ಬಿಡಿ, ಮುಗಿಸೋದು ಕಲೀರಿ."

"ಮಾವ," ಅಂದಳು ಸೊಸೆ. "ಹಕ್ಕಿ ಕತ್ತಿನ ಹಿಂದೆ ಒಂದು ತೂತು ಇತ್ತಲ್ಲ, ನೆನಪಿದೆಯಾ?"

ಮಾವ ಕನ್ನಡಿಯಲ್ಲೇ ಅವಳನ್ನು ನೋಡಿದರು. "ಇತ್ತು. ಮುಚ್ಚಿದೆ. ಯಾಕೆ, ಮೆತ್ತು ಬಿಟ್ಕೊಂಡಿದೆಯಾ? ನನ್ನ ಮೆತ್ತು ಬಿಡಲ್ಲ."

"ಬಿಟ್ಟಿಲ್ಲ. ಅದೇ ಪಜೀತಿ. ಅದು ಏಟು ಬಿದ್ದ ತೂತಲ್ಲ ಮಾವ. ಅದು ಆ ಕುಂಬಾರನೇ ಮಾಡಿದ ತೂತು. ಅಂಚು ನುಣ್ಣಗಿದೆ."

ತಟ್ಟೆಯ ಮೇಲೆ ಗಂಡನ ಕೈ ನಿಂತಿತು. ಮಾವ ಅಂಗಿಯ ಗುಂಡಿ ಒಂದೊಂದಾಗಿ ಬಿಚ್ಚತೊಡಗಿದರು, ಯಾರ ಮುಖವನ್ನೂ ನೋಡದೆ.

"ಯಾರಿಗೆ ಹೇಳಿದೀಯ?"

"ನಿಮಗೇ ಮೊದಲು."

"ನಿನಗೆ ಲೋಟ ಅಂಟಿಸೋದು ಹೇಳಿಕೊಟ್ಟವನು ನಾನು."

"ಹೌದು. ಕಣ್ಣು ಬಿಟ್ಟು ನೋಡು ಅಂದವರೂ ನೀವೇ. ಹನ್ನೊಂದು ಸಲ ಅಂದಿರಿ."

ಮಾವ ಅಂಗಿ ಮಡಚಿ, ಮೂಲೆಗೆ ಮೂಲೆ ಹೊಂದಿಸಿ, ಕುರ್ಚಿ ಮೇಲಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಊಟಕ್ಕೆ ಬರಲಿಲ್ಲ. ಸೊಸೆಯೂ ತಟ್ಟೆ ಹಾಕಿಕೊಳ್ಳಲಿಲ್ಲ. ಗಂಡ ಮಾತ್ರ ಮೂವರ ಪಾಲೂ ಉಂಡು, "ಕೋಪದಲ್ಲಿದ್ದಾಗ ಅಡಿಗೆ ಚೆನ್ನಾಗಿ ಮಾಡ್ತೀಯ" ಅಂದ. ಅವಳು ಸೌಟು ಎತ್ತಿದಳು. ಅವನು ಎದ್ದ.

ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಮಾವ ಮಗನ ಸ್ಕೂಟರ್ ಹಿಂದೆ ಕೂತಾಗಿತ್ತು. ಮಡಿಲಲ್ಲಿ ಅವರ ಹಳೇ ತಗಡಿನ ಸೂಜಿ ಡಬ್ಬಿ.

"ನೀನು ಬಸ್ಸಲ್ಲಿ ಬಾ," ಅಂದರು. ಮೂತಿ ಇನ್ನೂ ಊದಿಕೊಂಡೇ ಇತ್ತು. "ನಾನು ಹೇಳೋವರೆಗೂ ಅದನ್ನ ಮುಟ್ಟಬೇಡ. ಮುಚ್ಚಿದವನು ನಾನು, ತೆಗೆಯೋನೂ ನಾನೇ."

ಸಾಹೇಬರಿಗೆ ತಿಳಿಸದೆ ಕೈ ಹಾಕುವ ಹಾಗಿರಲಿಲ್ಲ. ಸಾಹೇಬರು ಬಂದರು, ಅವರ ಹಿಂದೆಯೇ ಡಾಕ್ಟರಮ್ಮ. ಸೊಸೆ ಇದ್ದದ್ದು ಇದ್ದಂತೆ ಹೇಳಿದಳು. ಸಾಹೇಬರ ಮುಖ ಇಳಿಯಿತು. ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿ ಮಾವನ ಕಡೆ ತಿರುಗಿದರು.

"ನೋಡಿ ಮೇಷ್ಟ್ರೇ, ಇದು... ಹೀಗಾದ್ರೆ ಆ ಫಲಕದ ವಿಷಯ ಸ್ವಲ್ಪ... ಈಗ ತಪ್ಪು ಅಂತ ಗೊತ್ತಾದ ಮೇಲೆ... ಮುಂದೆ ನೋಡೋಣ."

ಮುಂದೆ ನೋಡೋಣ ಅನ್ನುವುದು ಸೊಸೆಗೆ ಗೊತ್ತಿರುವ ಭಾಷೆ. ಎರಡು ವರ್ಷ ಕೇಳಿದ್ದಳು. ಅದಕ್ಕೆ ಇಲ್ಲ ಅಂತ ಅರ್ಥ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮಾವ ಮಾತ್ರ, "ಆಯ್ತು ಸಾಹೇಬ್ರೇ. ಬೆಳಕಿಗೆ ಅಡ್ಡ ನಿಂತಿದೀರಿ, ಚೂರು ಆ ಕಡೆ ಸರೀರಿ," ಅಂದರು.

ಎಡಗೈಗೆ ಸೂಜಿ ಬಂತು. ದ್ರಾವಣದಲ್ಲಿ ಅದ್ದಿದ ಹತ್ತಿ ಇಟ್ಟು ಕಾದರು. ಮೆತ್ತು ಮೆದುವಾದ ಹಾಗೆ ಕಣ ಕಣ ಎತ್ತಿದರು. ಮೂರು ಗೆರೆ ಹೋದವು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯ ಕಣ ಬಂದಾಗ ಅಲ್ಲಿ ಕಡಲೆಕಾಳಿನಷ್ಟು ಕತ್ತಲೆ, ದುಂಡಗೆ, ಚೆಂದಕ್ಕೆ.

ಮಾವ ಅದರ ಅಂಚಿನ ಮೇಲೆ ಕಿರುಬೆರಳು ಆಡಿಸಿದರು. "ಹೌದಲ್ಲೋ," ಅಂದರು, ಯಾರಿಗೂ ಅಲ್ಲ, ಆ ಕುಂಬಾರನಿಗೇ ಅನ್ನುವ ಹಾಗೆ. "ನಾನು ಅವಸರ ಮಾಡಿದೆ. ನೀನು ಮಾಡಿರಲಿಲ್ಲ."

ಸೊಸೆ ಹೂಜಿಯ ಬಾಯಿಗೆ ಮೆತ್ತನೆ ರಬ್ಬರ್ ನಳಿಕೆ ಕೂರಿಸಿದಳು. ಮಾವ ನಳಿಕೆಯ ತುದಿ ತುಟಿಗಿಟ್ಟು ಊದಿದರು.

ಸುಸ್ಸ್.

ಅಷ್ಟೇ. ಮತ್ತೆ ಊದಿದರು. ಸುಸ್ಸ್. ಹಳೇ ಬಾಗಿಲ ಸಂದಿಯಲ್ಲಿ ಗಾಳಿ ಬಂದಂತೆ. ಡಾಕ್ಟರಮ್ಮ ಮೆಲ್ಲಗೆ, "ನಾನು ಮೊದಲೇ ಬರೆದಿದ್ದೆ, ಇದು ಮೌನದ..." ಅಂತ ಶುರು ಮಾಡಿದರು. ಮಾವನ ಕಿವಿಗೆ ಅದು ಬೀಳಲಿಲ್ಲ. ಅವರು ನಳಿಕೆ ಕೆಳಗಿಟ್ಟು ಒಂದೊಂದೇ ಜೋಡಣೆಯನ್ನು ದಿಟ್ಟಿಸತೊಡಗಿದ್ದರು. ಸೊಸೆಗೆ ಅರ್ಥವಾಯಿತು. ತೂತು ಮುಚ್ಚಿದ್ದು ಒಂದು ತಪ್ಪು, ಒಪ್ಪಿಕೊಂಡಾಯಿತು. ಗಾಳಿ ಪೀಪಿಗೆ ಹೋಗುತ್ತಿಲ್ಲ ಅಂದರೆ ದಾರಿಯಲ್ಲಿ ಎಲ್ಲೋ ಸೋರುತ್ತಿದೆ. ಐವತ್ತಮೂರು ಚೂರಿನಲ್ಲಿ ಯಾವುದೋ ಒಂದು ಜೋಡಣೆ ಬಾಯಿ ಬಿಟ್ಟಿದೆ. ಹಾಗಿದ್ದರೆ ನಲವತ್ತು ವರ್ಷದ್ದೆಲ್ಲ ಸುಳ್ಳು.

ಅಪ್ಪನನ್ನು ವಾಪಸ್ ಕರೆದೊಯ್ಯಲು ಬಾಗಿಲಲ್ಲಿ ನಿಂತಿದ್ದ ಗಂಡ ತಲೆ ಕೆರೆದುಕೊಂಡ.

"ಗಾಳಿ ಹೋಗ್ತಿದೆ ಅಪ್ಪಾ."

"ನನಗೂ ಕಿವಿ ಇದೆ ಕಣೋ."

"ಎಲ್ಲಿ ಅಂತ ನೋಡ್ಲಾ? ಮುಟ್ಟಲ್ಲ. ಆಣೆಗೂ ಮುಟ್ಟಲ್ಲ."

ಸಾಹೇಬರು ಬೇಡ ಅನ್ನಲು ಬಾಯಿ ತೆರೆದರು. ಸೊಸೆ ಅವರನ್ನು ಒಂದು ನೋಟ ನೋಡಿದಳು. ಬಾಯಿ ಮುಚ್ಚಿಕೊಂಡರು. ಗಂಡ ನಲ್ಲಿಯಲ್ಲಿ ಮುಖ ತೊಳೆದು ಬಂದ, ಒರೆಸಿಕೊಳ್ಳದೆ. ಮೇಜಿನ ಮುಂದೆ ಮೊಣಕಾಲೂರಿ ಒದ್ದೆ ಕೆನ್ನೆಯನ್ನು ಹೂಜಿಯ ಹತ್ತಿರ, ತಾಕಿಯೂ ತಾಕದಂತೆ ಹಿಡಿದ. ಮುಳುಗಿಸಲು ನೀರಿನ ತೊಟ್ಟಿ ಇಲ್ಲದಾಗ ಟ್ಯೂಬಿನ ಸಣ್ಣ ತೂತನ್ನು ಅವನು ಹುಡುಕುತ್ತಿದ್ದದ್ದು ಹೀಗೆಯೇ.

"ಊದಿ. ಮೆಲ್ಲಗೆ. ನಿಲ್ಲಿಸಬೇಡಿ."

ಮಾವ ಊದಿದರು. ಕೆನ್ನೆ ಜೋಡಣೆಯಿಂದ ಜೋಡಣೆಗೆ ಹೋಯಿತು. ಮೊದಲ ಹೊಟ್ಟೆ. ಕೊಳವೆ. ಎರಡನೇ ಹೊಟ್ಟೆ. ಅಪ್ಪ ಊದುತ್ತಾ ಮಗನ ಮುಖವನ್ನೇ ನೋಡುತ್ತಿದ್ದರು, ಪರೀಕ್ಷೆಯ ಫಲಿತಾಂಶ ಓದುವವರ ಬಾಯಿ ನೋಡುವ ಹಾಗೆ. ಹಕ್ಕಿಯ ಪಾದ. ಇಲ್ಲ. ಎದೆ. ಇಲ್ಲ.

"ಒಂದೂ ಸೋರ್ತಿಲ್ಲ," ಅಂದ ಗಂಡ. ಆಮೇಲೆ ಇನ್ನೂ ಬಗ್ಗಿ, ಮೇಜಿಗೆ ಕಿವಿ ಹಚ್ಚಿ, ಒಂದು ಕಣ್ಣು ಮುಚ್ಚಿದ. "ತಡೀರಿ. ಇಲ್ಲಿ. ತಳದಲ್ಲಿ."

"ತಳದಲ್ಲಿ ನನ್ನ ಜೋಡಣೆ ಇಲ್ಲ," ಅಂದರು ಮಾವ ಥಟ್ಟನೆ. "ತಳ ಇಡಿಯಾಗೇ ಬಂದಿತ್ತು."

ಸೊಸೆ ಎರಡೂ ಕೈಯಲ್ಲಿ ಹೂಜಿಯನ್ನು ಮಗು ಎತ್ತಿದಂತೆ ಎತ್ತಿ ವಾಲಿಸಿದಳು. ತಳದ ಸುತ್ತಂಚಿನ ಒಳಗೆ, ಪೆನ್ಸಿಲ್ ಮೊನೆಯಷ್ಟು ತೂತು. ನೇರ, ಯಂತ್ರದಲ್ಲಿ ಕೊರೆದದ್ದು. ಅದರೊಳಗೆ ಹತ್ತಿ ತುರುಕಿ, ಮೇಲೆ ಒಂದು ತೊಟ್ಟು ಬಣ್ಣ.

ಸಾಹೇಬರು ಮೂರನೇ ಸಲ ಕನ್ನಡಕ ಒರೆಸಿದರು.

"ಅದು... ವಯಸ್ಸು ಕಂಡುಹಿಡಿಯೋಕೆ ಸ್ವಲ್ಪ ಮಣ್ಣು ಬೇಕಾಗಿತ್ತು. ಲ್ಯಾಬಿನವರು ಹತ್ತು ವರ್ಷದ ಹಿಂದೆ..."

"ಚೀಟೀಲಿ ಬರ್ದಿದೀರಾ?" ಅಂತ ಕೇಳಿದಳು ಸೊಸೆ.

ಸಾಹೇಬರು ಸೂರು ನೋಡಿದರು. ಸೊಸೆ ಹೂಜಿ ಇಳಿಸಿ, ಮಾವನ ಚೀಟಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು, ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಇವರು ಬರ್ದಿದಾರೆ. ಎಂಟನೇ ಕ್ಲಾಸು."

ಡಾಕ್ಟರಮ್ಮ ಬಗ್ಗಿ ಓದಿದರು. ಎರಡು ಸಲ ಓದಿದರು. ಸ್ಟೂಲು ಎಳೆದುಕೊಂಡು ಕೂತರು. ಅದು ಕುಂಟು ಸ್ಟೂಲು, ಪಕ್ಕಕ್ಕೆ ವಾಲಿತು, ಗಂಡ ಹಿಡಿದುಕೊಂಡ.

"ಮೂವತ್ತೊಂದು ವರ್ಷದಿಂದ ಇದು ಇಲ್ಲೇ ಇತ್ತಾ?"

"ಅದೇ ಬೀರುವಿನಲ್ಲಿ ಅಮ್ಮ. ನೀವು ಛತ್ರಿ ಇಡ್ತೀರಲ್ಲ, ಅದರ ಮೇಲಿನ ಖಾನೆ," ಅಂದಳು ಸೊಸೆ.

ಸೊಸೆ ಮತ್ತೆ ಹೂಜಿ ವಾಲಿಸಿದಳು, ಗಂಡ ಹೆಬ್ಬೆರಳಿಗೆ ಅವಳ ಕೈಗವಸು ಸುತ್ತಿಕೊಂಡು ತಳದ ತೂತಿಗೆ ಒತ್ತಿ ಹಿಡಿದ. "ಈಗ ಊದಿ ಅಪ್ಪಾ."

ಮಾವ ಊದಿದರು.

ಹಕ್ಕಿ ಕೂಗಿತು.

ಮೊದಲು ಸಣ್ಣಗೆ, ನಿದ್ದೆಯಿಂದ ಎದ್ದವರ ದನಿಯಂತೆ ಸ್ವಲ್ಪ ಒಡೆದು. ಆಮೇಲೆ ತೊಳೆದಿಟ್ಟ ಹಾಗೆ ಸ್ವಚ್ಛವಾಗಿ, ದುಂಡಗೆ, ಕೋಣೆಯ ನಾಲ್ಕು ಮೂಲೆಗೂ ಹೋಗಿ ತಾಕಿ ವಾಪಸು ಬಂತು. ಮಾವ ಉಸಿರು ಏರಿಸಿದರೆ ಏರಿತು, ಇಳಿಸಿದರೆ ಇಳಿಯಿತು. ಮುನಿಸಿಕೊಂಡಂತೆ ಎತ್ತಿದ್ದ ಆ ಕೊಕ್ಕು ಮುನಿಸಿನದ್ದೇ ಅಲ್ಲ, ಹಾಡುವವರು ಗದ್ದ ಎತ್ತುವ ರೀತಿ ಅಂತ ಸೊಸೆಗೆ ಆಗ ಹೊಳೆಯಿತು. ಸಾವಿರದ ಮುನ್ನೂರು ವರ್ಷದ ಹಿಂದೆ ಯಾವುದೋ ದೇವರ ಮುಂದೆ ಯಾರೋ ಇದನ್ನು ಹೀಗೇ ಊದಿದ್ದರು. ಮನುಷ್ಯರು ನಕ್ಕಿದ್ದರೋ ಇಲ್ಲವೋ, ದೇವರಂತೂ ನಗದೆ ಇದ್ದಿರಲಿಕ್ಕಿಲ್ಲ.

ಮಾವನ ಉಸಿರು ಮುಗಿಯಿತು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಹಲ್ಲು ಮಾತ್ರ ಪೂರ್ತಿ ಹೊರಗಿತ್ತು. "ಸೋರಲಿಲ್ಲ," ಅಂದರು. "ಕೇಳಿದ್ಯಾ ಪಂಕ್ಚರ್? ಐವತ್ತಮೂರರಲ್ಲಿ ಒಂದೂ ಸೋರಲಿಲ್ಲ."

"ಕೇಳಿದೆ. ನಾನೇ ಹೇಳಿದ್ದು."

ಅಷ್ಟರಲ್ಲಿ ಬಾಗಿಲು ತುಂಬಿತ್ತು. ಕಾವಲುಗಾರ, ಪೊರಕೆ ಹಿಡಿದ ಇಬ್ಬರು ಹೆಂಗಸರು, ಟಿಕೆಟ್ ಕಿಟಕಿಯನ್ನು ತೆರೆದೇ ಬಿಟ್ಟು ಬಂದ ಟಿಕೆಟ್ಟಿನವಳು. ಇನ್ನೊಂದು ಸಲ, ಇನ್ನೊಂದು ಸಲ ಅಂತ ಎಲ್ಲರದ್ದೂ ಒಂದೇ ಗಲಾಟೆ. ಇನ್ನೆರಡು ಸಲ ಊದಿ ಮಾವ ನಳಿಕೆ ಬಿಚ್ಚಿದರು. ಸಾಹೇಬರು ನಾಚಿಕೆಯಿಂದ ಕೈ ಚಾಚಿ, "ನಾನೊಂದು ಸಲ ಊದ್ಲಾ?" ಅಂದರು.

"ಈಗ ಅದಕ್ಕೆ ಸುಸ್ತಾಗಿದೆ," ಅಂದಳು ಸೊಸೆ.

ಡಾಕ್ಟರಮ್ಮ ನಗಲು ಶುರು ಮಾಡಿದ್ದರು. ಮೊದಲು ಬಾಯಿಗೆ ಸೆರಗು ಅಡ್ಡ ಹಿಡಿದು, ಆಮೇಲೆ ಅದನ್ನೂ ಬಿಟ್ಟು. "ಮೌನಪೂಜೆ," ಅನ್ನುವರು, ಮತ್ತೆ ನಗುವರು. "ಆ ಪುಸ್ತಕ ಮೂರು ಕಾಲೇಜಲ್ಲಿ ಪಾಠಕ್ಕಿದೆ ಕಣ್ರೀ. ಈಗ ಇನ್ನೊಂದು ಬರೀಬೇಕು, ಹಿಂದಿನದು ತಪ್ಪು ಅಂತ. ಮೇಷ್ಟ್ರೇ, ಎಲ್ಲ ಚೀಟಿಗಳನ್ನೂ ನಾನು ಓದ್ಬೇಕು. ಇವತ್ತಿಂದಲೇ."

"ಓದಿ. ನನ್ನ ಅಕ್ಷರ ತಿಳೀದಿದ್ರೆ ಇವಳನ್ನ ಕೇಳಿ. ಇವಳಿಗೆ ನನ್ನ ಗೆರೆಯೆಲ್ಲ ತಿಳಿಯುತ್ತೆ." ಹಾಗೆ ಅಂದು ಮಾವ ಸೊಸೆಯ ತಲೆ ಮೇಲೆ ಕೈಯಿಟ್ಟರು, ಮದುವೆ ದಿನ ಬಿಟ್ಟರೆ ಅದೇ ಎರಡನೇ ಸಲ. ಅವಳು ಮೂಗು ಒರೆಸಿಕೊಳ್ಳುವ ನೆವದಲ್ಲಿ ಆ ಕಡೆ ತಿರುಗಿದಳು.

ಸಾಹೇಬರು ಗಂಟಲು ಸರಿ ಮಾಡಿಕೊಂಡರು. "ಮೇಷ್ಟ್ರೇ, ಫಲಕದ ವಿಷಯ. ಮೊದಲು ಅಂದ ಹಾಗೇ ಹಾಕಿಸ್ತೀನಿ. ಜೋಡಿಸಿದವರು ಅಂತ ನಿಮ್ಮ ಹೆಸರು."

"ಹಾಗೆ ಬೇಡ," ಅಂದರು ಮಾವ. "ತೂತು ಮುಚ್ಚಿದ್ದೂ ಬರೀರಿ. ಮುಚ್ಚಿದ್ದು ನಾನು, ಕಂಡಿದ್ದು ಇವಳು. ಇವಳ ಹೆಸರೂ ಹಾಕಿ. ಮೇಲಿನ ಸಾಲಿಗೆ, ಮಾಡಿದವರು ಹೆಸರು ಗೊತ್ತಿಲ್ಲದ ಕುಂಬಾರ ಅಂತ ಇರಲಿ. ಅವನನ್ನ ಬಿಟ್ಟು ನಾವು ಹಾಕಿಸ್ಕೊಳ್ಳೋದು ಚೆನ್ನಾಗಿರಲ್ಲ."

"ತಪ್ಪನ್ನ ಯಾರಾದ್ರೂ ಗೋಡೆ ಮೇಲೆ ಹಾಕಿಸ್ಕೋತಾರಾ?"

"ಚೀಟೀಲಿ ಇದ್ದದ್ದು ಗೋಡೆ ಮೇಲೂ ಇರ್ಲಿ. ನಿಮ್ಮ ಲ್ಯಾಬಿನ ತೂತನ್ನೂ ಸೇರಿಸಿ, ಬೇಜಾರಿಲ್ಲ." ಮಾವ ಸ್ವಲ್ಪ ತಡೆದು, ಹೆಬ್ಬೆರಳು ನೀವಿಕೊಳ್ಳುತ್ತಿದ್ದ ಮಗನ ಕಡೆ ಗದ್ದ ತೋರಿಸಿದರು. "ಗಾಳಿ ಹಿಡಿದವನು ಅಂತ ಇವನದ್ದೂ ಹಾಕಿ."

ಗಂಡ ಬಾಯಿ ಬಿಟ್ಟುಕೊಂಡು ಅಪ್ಪನನ್ನು ನೋಡಿದ.

"ಇವರು ನಮ್ಮ ನೌಕರರಲ್ಲವಲ್ಲ ಮೇಷ್ಟ್ರೇ."

"ಕುಂಬಾರನೂ ನಿಮ್ಮ ನೌಕರನಲ್ಲ."

ಸಾಹೇಬರು ಬೆರಳು ಮಡಚಿ ಸಾಲು ಎಣಿಸಿದರು. "ಅಷ್ಟು ಸಾಲು ಆ ಫಲಕದಲ್ಲಿ ಹಿಡಿಸಲ್ಲ," ಅಂದರು ಕೊನೆಗೆ.

"ಫಲಕ ದೊಡ್ಡದು ಮಾಡ್ಸಿ," ಅಂದಳು ಸೊಸೆ. "ಬನ್ನಿ, ಗೋಡೆ ಅಳತೆ ತಗೊಳ್ಳೋಣ."

ಗೋಡೆಯ ಹತ್ತಿರ ಅಳತೆ ಟೇಪಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಸಾಹೇಬರ ಕೈಯಲ್ಲಿ. ಅವಳು ಎಳೆದಷ್ಟೂ ಸಾಹೇಬರು ಕಿಟಕಿಯ ಕಡೆ ಸರಿಯುತ್ತಾ ಹೋದರು. ಮಾವ ಮಧ್ಯೆ ನಿಂತು, ಎಡಗೈ ಅಲ್ಲಾಡಿಸುತ್ತಾ, "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅನ್ನುತ್ತಿದ್ದರು.